ಆಪಾ ಆರಿಸಿದ ಲೆನ್ಸು

ಅವರ ಮುಖದ ಎಡಭಾಗಕ್ಕೆ ಬಲಭಾಗಕ್ಕಿಂತ ಹೆಚ್ಚು ವಯಸ್ಸಾಗಿತ್ತು. ಕ್ಯಾಮೆರಾಕ್ಕೆ ಬಲಗಣ್ಣಿಟ್ಟಾಗಲೆಲ್ಲ ಎಡಗಣ್ಣನ್ನು ಗಟ್ಟಿಯಾಗಿ ಮುಚ್ಚಿ ಮುಚ್ಚಿ, ಆ ಕಣ್ಣಿನ ಸುತ್ತ ಬೀಸಣಿಗೆ ಬಿಚ್ಚಿದ ಹಾಗೆ ಸುಕ್ಕುಗಳು ಬಿದ್ದಿದ್ದವು. ಬಲಗಡೆಯಿಂದ ನೋಡಿದರೆ ಇನ್ನೂ ಮದುವೆಮನೆಗೆ ಸಿಂಗರಿಸಿಕೊಂಡು ಹೋಗುವ ವಯಸ್ಸಿನ ಹೆಂಗಸು. ಎಡಗಡೆಯಿಂದ ನೋಡಿದರೆ ಆ ಹೆಂಗಸಿನ ತಾಯಿ. ಯಾರದಾದರೂ ಮಾತು ಹಿಡಿಸದಿದ್ದರೂ ಆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಎದುರಿಗಿದ್ದವನಿಗೆ ತನ್ನನ್ನು ಗುರಿಯಿಟ್ಟು ನೋಡುತ್ತಿದ್ದಾರೆ ಅನ್ನಿಸಿ ಮಾತು ತೊದಲುತ್ತಿತ್ತು.

ಶ್ರೀರಂಗಪಟ್ಟಣದ ಪೇಟೆಬೀದಿಯಿಂದ ಒಳಕ್ಕೆ ತಿರುಗುವ ಒಂದು ಗಲ್ಲಿಯಲ್ಲಿ ಅವರ ಸ್ಟುಡಿಯೊ ಇತ್ತು. ಕೆಳಗೆ ಸ್ಟುಡಿಯೊ, ಮೇಲೆ ಮನೆ. ಮಕ್ಕಳಿರಲಿಲ್ಲ. ಗಂಡ ತೀರಿಕೊಂಡಾಗ ಅಂಗಡಿ ಮಾರಿಬಿಡಿ ಎಂದು ಮೈದುನ ಹೇಳಿದರಂತೆ. ಇವರು ಶೋಕದ ದಿನಗಳು ಮುಗಿಯುವವರೆಗೆ ಸುಮ್ಮನಿದ್ದು, ಮುಗಿದ ಮರುದಿನ ತಲೆಗೆ ದುಪಟ್ಟಾ ಬಿಗಿದುಕೊಂಡು ಷಟರ್ ಎತ್ತಿ ಕೂತರಂತೆ. ಮುಸಲ್ಮಾನರ ಮದುವೆಗಳಲ್ಲಿ ಹೆಂಗಸರ ಕಡೆಯ ಫೋಟೊ ತೆಗೆಯುವುದಕ್ಕೆ ಹೆಂಗಸೇ ಬೇಕಾಗಿತ್ತು. ಅದನ್ನು ನೋಡಿ ನಮ್ಮ ಒಕ್ಕಲು ಮನೆಗಳವರೂ, ಹೆಣ್ಣನ್ನು ಸಿಂಗರಿಸುವ ಕೋಣೆಯೊಳಕ್ಕೆ ಗಂಡಸರನ್ನು ಬಿಡುವುದೇಕೆ ಎಂದು ಅವರನ್ನೇ ಕರೆಸತೊಡಗಿದರು. ಎಲ್ಲರೂ ಅವರನ್ನು ಆಪಾ ಎನ್ನುತ್ತಿದ್ದರು. ಅಕ್ಕ ಎಂದೇ ಅದರ ಅರ್ಥ. ಮಾತು ಮಾತ್ರ ಅಪ್ಪಟ ನಮ್ಮ ಕಡೆಯದು; ಸಿಟ್ಟು ಬಂದಾಗಷ್ಟೇ ಉರ್ದು.

ನಾನು ಅವರನ್ನು ಮೊದಲು ನೋಡಿದ್ದು ನನ್ನ ಮದುವೆಯಲ್ಲಿ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಪಾಂಡವಪುರದ ಛತ್ರದ ಹಿಂದಿನ ಕೋಣೆಯಲ್ಲಿ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಸುತ್ತ ನಿಂತಿದ್ದ ಚಿಕ್ಕಮ್ಮ ದೊಡ್ಡಮ್ಮಂದಿರನ್ನೆಲ್ಲ ಆಚೆ ಕಳಿಸಿ, ಬಾಗಿಲು ಹಾಕಿಕೊಂಡರು. ಕ್ಯಾಮೆರಾದೊಳಗಿಂದ ನನ್ನನ್ನು ಸ್ವಲ್ಪ ಹೊತ್ತು ನೋಡಿ, ಕೆಳಗಿಳಿಸಿದರು.

"ಉಸಿರು ಬುಡವ್ವ. ಮದ್ವೆ ಹೆಣ್ಣಿನ ಫೋಟೊ ತೆಗೀತಾ ಇವ್ನಿ, ಹೆಣದ್ದಲ್ಲ."

ನನಗೆ ನಗು ಬಂದುಬಿಟ್ಟಿತು. ಆಲ್ಬಮ್ಮಿನಲ್ಲಿ ನಾನು ನಗುತ್ತಿರುವ ಫೋಟೊ ಅದೊಂದೇ.

ನಮ್ಮೂರು ಬಿಂಡಿಗನವಿಲೆ. ಮಳೆ ನಂಬಿದ ಊರಿನಿಂದ ನಾಲೆ ನೀರಿನ ಊರಿಗೆ ಮಗಳನ್ನು ಕೊಟ್ಟೆ ಎಂದು ನಮ್ಮಪ್ಪ ಎದುರು ಸಿಕ್ಕವರಿಗೆಲ್ಲ ಹೇಳಿಕೊಂಡು ಓಡಾಡಿದರು. ಗಂಡನ ಮನೆಯಲ್ಲಿ ಕಬ್ಬಿತ್ತು, ಎಮ್ಮೆಗಳಿದ್ದವು, ಟ್ರಾಕ್ಟರಿತ್ತು. ಮೊದಲ ಏಟು ಬಿದ್ದದ್ದು, ಎಳೆ ಹೋರಿಯೊಂದು ಹಗ್ಗ ಹಿಡಿದಿದ್ದ ಗಂಡನನ್ನು ಗೊಬ್ಬರದ ಗುಂಡಿಯವರೆಗೆ ಎಳೆದುಕೊಂಡು ಹೋದದ್ದನ್ನು ನೋಡಿ ನಾನು ನಕ್ಕದ್ದಕ್ಕೆ. ಎದ್ದು ಬಂದವನೇ ಕೆನ್ನೆಗೆ ಬಿಟ್ಟ. ಜಗಲಿಯಲ್ಲಿ ರಾಗಿ ಹಸನು ಮಾಡುತ್ತಿದ್ದ ಅತ್ತೆ, ನಾನು ಮೇಲೆ ಬಿದ್ದು ಚೆಲ್ಲೀತೆಂದು ಮೊರವನ್ನು ಸ್ವಲ್ಪ ಪಕ್ಕಕ್ಕೆ ಸರಿಸಿಕೊಂಡರು. ಅಷ್ಟೆ. ಆಮೇಲಿನ ಏಟುಗಳಿಗೆ ಕಾರಣ ಬೇಕಾಗಲಿಲ್ಲ. ಕುಡಿದು ಹೊಡೆಯುವವನಾಗಿದ್ದರೆ ತಪ್ಪನ್ನು ಕುಡಿತದ ಮೇಲೆ ಹಾಕಬಹುದಿತ್ತು. ಅವನು ಕುಡಿಯುತ್ತಿರಲಿಲ್ಲ.

ಪಾಂಡವಪುರದ ಒಂದು ಶಿಶುವಿಹಾರದಲ್ಲಿ ನನಗೆ ಮಕ್ಕಳಿಗೆ ಹಾಡು ಕಲಿಸುವ ಕೆಲಸ ಸಿಕ್ಕಿತ್ತು. ಅತ್ತೆಗೆ ಒಪ್ಪಿಗೆಯಿತ್ತು, ಅವನಿಗೆ ಇದ್ದೂ ಇರಲಿಲ್ಲ. ಒಂದು ದಿನ ದಾರಿಯಲ್ಲಿ ಕಬ್ಬಿನ ಟ್ರಾಕ್ಟರು ಮಗುಚಿ ಬಿದ್ದು ಬಸ್ಸು ನಿಂತುಬಿಟ್ಟಿತು. ನಾನು ಊರು ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಅವನು ಕೊಟ್ಟಿಗೆಯಲ್ಲಿ ಕಾಯುತ್ತಿದ್ದ.

"ಯಾವನ ಜೊತ್ಗೆ ಇದ್ದೆ?"

"ಬಸ್ಸು ನಿಂತೋಗಿತ್ತು, ದಾರೀಲಿ..."

ಮುಗಿಸಲು ಬಿಡಲಿಲ್ಲ. ಜಡೆ ಹಿಡಿದು ಕೊಟ್ಟಿಗೆಯೊಳಕ್ಕೆ ಎಳೆದ. ಕಲಗಚ್ಚಿನ ಕಲ್ಲುಬಾನಿಯ ಅಂಚಿಗೆ ನನ್ನ ಕೆನ್ನೆ ಅಪ್ಪಳಿಸಿತು. ಬಾಯಲ್ಲಿ ರಕ್ತವೋ ಹಲ್ಲೋ ತಿಳಿಯಲಿಲ್ಲ. ಗೋಡೆಯ ಗೂಟದಲ್ಲಿದ್ದ ಬಾರುಕೋಲು ತೆಗೆದುಕೊಂಡ. ಎತ್ತಿಗೆ ಕೂಡ ಹಾಗೆ ಹೊಡೆದದ್ದನ್ನು ನಾನು ನೋಡಿರಲಿಲ್ಲ. ಬೆನ್ನು, ತೋಳು, ಮತ್ತೆ ಬೆನ್ನು. ರವಿಕೆ ಹರಿದು ಮೈಗೆ ಅಂಟಿಕೊಂಡಿತು. ಎಮ್ಮೆಗಳು ಹೆದರಿ ಹಗ್ಗ ಜಗ್ಗುತ್ತಿದ್ದವು. ನಾನು ಕೂಗಿದೆ. ಪಕ್ಕದ ಮನೆಯವರು ರೇಡಿಯೊ ಸದ್ದು ಜೋರು ಮಾಡಿದರು.

ಬೆಳಿಗ್ಗೆ ಅವನು ಗದ್ದೆಯ ಕಡೆ ಹೋದ ಮೇಲೆ ನಾನು ಮೈ ತುಂಬ ಸೆರಗು ಹೊದ್ದು ರಸ್ತೆಗೆ ಬಂದು, ಸಿಕ್ಕಿದ ಬಸ್ಸು ಹತ್ತಿ, ಕೊನೆಗೆ ಶ್ರೀರಂಗಪಟ್ಟಣದ ಒಂದು ಸಣ್ಣ ನರ್ಸಿಂಗ್ ಹೋಮಿನ ಬಾಗಿಲಲ್ಲಿ ಕುಸಿದೆ. ಅಲ್ಲಿದ್ದ ನರ್ಸಮ್ಮ ಗಾಯ ಒರೆಸುತ್ತ, "ಇದನ್ನ ಫೋಟೊ ತೆಗ್ಸಿ ಇಟ್ಕೊಳ್ಳವ್ವ, ನಾಳೆ ಬೇಕಾಯ್ತದೆ" ಎಂದು ಹೇಳಿ, ತಾನೇ ಆಪಾಗೆ ಹೇಳಿ ಕಳಿಸಿದಳು. ಆಪಾ ಬಂದರು. ನನ್ನ ಗುರುತು ಹಿಡಿದರೋ ಇಲ್ಲವೋ ಆಗ ತಿಳಿಯಲಿಲ್ಲ. ಏನೂ ಕೇಳಲಿಲ್ಲ. ಕತ್ತಲು ಕವಿದ ಆ ವಾರ್ಡಿನಲ್ಲಿ ಫ್ಲ್ಯಾಶ್ ಹಾಕಿ ಮುಖ, ತೋಳು, ಬೆನ್ನು ತೆಗೆದುಕೊಂಡರು. ಬೆಳಕು ಮಿಂಚಿದಾಗಲೆಲ್ಲ ನಾನು ಮತ್ತೊಂದು ಏಟು ಬಿತ್ತೆಂದು ಬೆಚ್ಚುತ್ತಿದ್ದೆ. ಅದನ್ನವರು ಗಮನಿಸಿದ್ದರಂತೆ.

ನರ್ಸಿಂಗ್ ಹೋಮಿನಿಂದ ಪೊಲೀಸರಿಗೂ ನಮ್ಮೂರಿಗೂ ಸುದ್ದಿ ಹೋಗಿ, ಕೆಲವು ದಿನ ಬಿಟ್ಟು ಠಾಣೆಯಲ್ಲಿ ಎರಡೂ ಕಡೆಯವರನ್ನು ಕೂರಿಸಿದರು. ನನ್ನ ಕಡೆ ಅಣ್ಣ. ಅವನ ಕಡೆ ಅವನು, ಅವನ ಸೋದರಮಾವ, ಊರಿನ ಯಜಮಾನರು. ಫೋಟೊಗಳನ್ನು ತಂದ ಆಪಾ ಬಾಗಿಲ ಪಕ್ಕ ನಿಂತಿದ್ದರು. ಕೆನ್ನೆಯ ಊತ ಅಷ್ಟು ಹೊತ್ತಿಗೆ ಇಳಿದಿತ್ತು.

"ಬಾನಿ ಮೇಲೆ ಜಾರಿ ಬಿದ್ದವ್ಳೆ ಸಾ" ಎಂದ ಸೋದರಮಾವ. "ಕೊಟ್ಗೇಲಿ ಸಗಣಿ ನೀರು. ಯಾರ್ ಬೇಕಾದ್ರೂ ಬೀಳ್ತಾರೆ."

ಸಾಹೇಬರು ಫೋಟೊಗಳನ್ನು ಒಂದೊಂದಾಗಿ ನೋಡಿದರು. ಎದುರಿನಿಂದ ಬಿದ್ದ ಫ್ಲ್ಯಾಶಿನ ಬೆಳಕು ಉಬ್ಬು ತಗ್ಗುಗಳನ್ನೆಲ್ಲ ಒಂದೇ ಸಮ ಮಾಡಿಬಿಟ್ಟಿತ್ತು. ಬೆನ್ನಿನ ಬಾಸುಂಡೆಗಳು ಇದ್ದ ಕಡೆ ಬೆಳ್ಳಗೆ ಹೊಳೆಯುವ ಚರ್ಮ. ಮುಖವಂತೂ ಸುಣ್ಣ ಬಳಿದ ಗೋಡೆ.

"ಎಲ್ಲಮ್ಮಾ ಗಾಯ? ಹಬ್ಬಕ್ಕೆ ಪೌಡರ್ ಬಳ್ಕೊಂಡು ಕೂತಂಗಿದೆಯಲ್ಲ."

ನನ್ನ ಗಂಡ ನಕ್ಕ. ಅವನ ಹಿಂದೆ ಯಜಮಾನರೂ ನಕ್ಕರು. ಬೆನ್ನು ತೋರಿಸಬೇಕೆಂದರೆ ಅಷ್ಟು ಗಂಡಸರ ನಡುವೆ ನಾನು ಸೆರಗು ಇಳಿಸಬೇಕಿತ್ತು. ಹೊಂದಿಕೊಂಡು ಹೋಗಿ ಎಂದು ಹೇಳಿ ಕಳಿಸಿದರು.

ಠಾಣೆಯ ಹೊರಗೆ ಹುಣಿಸೆಮರದ ಕೆಳಗೆ ಆಪಾ ಆ ಫೋಟೊಗಳನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎಡಗಣ್ಣು ಮುಚ್ಚಿಕೊಂಡಿತ್ತು.

"ಇದು ನನ್ ತಪ್ಪು ಕಣವ್ವ. ಮದ್ವೆ ಮನೆ ಲೈಟು ತಂದು ನಿನ್ ಮೇಲೆ ಸುರಿದೆ. ಮದ್ವೆ ಮನೇಲಿ ಕಲೆ ಮುಚ್ಚೋದೇ ಕೆಲ್ಸ ನೋಡು."

ಅಣ್ಣ ನನ್ನನ್ನು ಅವತ್ತೇ ಗಂಡನ ಮನೆಗೆ ಬಿಟ್ಟು ಊರಿಗೆ ಹೋಗುವವನಿದ್ದ. ಆಪಾ ಅವನ ಮುಂದೆ ಹೋಗಿ ನಿಂತರು.

"ಇನ್ನೆಲ್ಡ್ ದಿನ ಬುಡಪ್ಪ. ಇವಳ ಮೈ ಮೇಲೆ ಇನ್ನೂ ಬಣ್ಣ ಐತೆ. ಅದು ಹೋಗೋದ್ರೊಳ್ಗೆ ನಂಗೊಂದು ಕೆಲ್ಸ ಐತೆ."

"ಏನ್ ಕೆಲ್ಸ?"

"ಲೆನ್ಸ್ ತಗೋಬೇಕು."

ಅಣ್ಣ ನನ್ನ ಮುಖ ನೋಡಿದ. ನಾನು ಆಪಾ ಮುಖ ನೋಡಿದೆ. ಹೀಗೆ ಒಬ್ಬ ಹೆಂಗಸು ನನ್ನ ಪರವಾಗಿ ಒಬ್ಬ ಗಂಡಸಿನ ಮುಂದೆ ನಿಂತದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಅಣ್ಣ, "ಎಲ್ಡೇ ದಿನ" ಎಂದು ಬಸ್ಸು ಹತ್ತಿದ.

ಮಾರನೆಯ ದಿನ ಮೈಸೂರಿಗೆ ಹೋದೆವು. ಆಪಾ ಗಂಡನ ಕಾಲದಿಂದ ಗುರುತಿದ್ದ ಕ್ಯಾಮೆರಾ ಅಂಗಡಿ, ಉದ್ದಕ್ಕೆ ಸುರಂಗದಂತಿತ್ತು. ಅಂಗಡಿಯವರು ವಯಸ್ಸಾದವರು, ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಆಪಾ ತಮ್ಮ ಜೂಮ್ ಲೆನ್ಸನ್ನು ಬಿಚ್ಚಿ ಗಾಜಿನ ಮೇಲಿಟ್ಟು, "ಇದು ಬ್ಯಾಡ" ಎಂದರು.

"ಯಾಕಮ್ಮ? ಮದುವೆ ಕೆಲಸಕ್ಕೆ ಇದೇ ಸರಿ. ನಿಂತ ಕಡೆಯಿಂದಲೇ ದೂರ ಹತ್ತಿರ ಎರಡೂ ಆಗುತ್ತೆ."

"ನಂಗೆ ದೂರದ್ದು ಬ್ಯಾಡ. ಐವತ್ತರದು ತೋರ್ಸಿ. ಬೆಳಕು ಜಾಸ್ತಿ ಕುಡಿಯೋದು."

ಅವರು ಎರಡು ಲೆನ್ಸು ತಂದಿಟ್ಟರು. ಎರಡೂ ಐವತ್ತರವೇ, ನಮ್ಮ ಕಣ್ಣು ನೋಡುವಷ್ಟೇ ದೂರ ಹತ್ತಿರ ತೋರಿಸುವಂಥವು, ಜೂಮಿನ ಹಾಗೆ ಹಿಂದೆ ಮುಂದೆ ಆಗುವುದಿಲ್ಲ. ಒಂದು ಹೊಸದು, ಹಗುರ, ಅಂಗೈಯೊಳಗೆ ಅಡಗುವಷ್ಟು. ಅದರ ಮೇಲೆ ಒಂದು ಪಾಯಿಂಟ್ ಎಂಟು ಎಂದಿತ್ತು. ಇನ್ನೊಂದು ಯಾರೋ ಬಳಸಿ ಮಾರಿದ್ದು, ತೂಕವಾಗಿ, ಮುಂದಿನ ಗಾಜು ಬಾವಿಯಂತೆ ಆಳವಾಗಿ; ಅದು ಒಂದು ಪಾಯಿಂಟ್ ನಾಲ್ಕು. ಅಂಕಿ ಚಿಕ್ಕದಾದಷ್ಟೂ ಬಾಯಿ ದೊಡ್ಡದು, ಬೆಳಕು ಹೆಚ್ಚು ಎಂದು ಅಂಗಡಿಯವರು ನನಗೆ ತಿಳಿಸಿದರು. ನನ್ನನ್ನು ಆಪಾ ಮಗಳೆಂದುಕೊಂಡಿದ್ದರು.

"ನಾಲ್ಕರದು ಪೂರ್ತಿ ತೆರೆದರೆ ಸ್ವಲ್ಪ ಮೆತ್ತಗೆ ಬರುತ್ತೆ, ಮಂಜು ಹಿಡಿದ ಹಾಗೆ. ಎಂಟರದು ಗರಿಗರಿ. ಎರಡೂ ಒಳ್ಳೆಯವೇ. ನಿಮ್ಮ ಕೆಲಸ ಏನು ಅನ್ನೋದರ ಮೇಲೆ ನೋಡಿ."

"ಕಿಟಕಿ ಬೆಳಕಲ್ಲಿ ಮೈ ಮೇಲಿನ ಏಟು ಕಾಣಬೇಕು."

ಅವರು ಭೂತಗನ್ನಡಿಯನ್ನು ಅಂಗಿಯ ತುದಿಯಿಂದ ಒರೆಸಿದರು. ಆಮೇಲೆ, "ಫ್ಲ್ಯಾಶನ್ನೇ ವೈರ್ ಹಾಕಿ ಪಕ್ಕದಿಂದ ಹಿಡಿಸಬಹುದಲ್ಲ. ಲೆನ್ಸ್ ಖರ್ಚು ಉಳಿಯುತ್ತೆ" ಎಂದರು. ಅವರು ಹೇಳಿದ್ದು ತಪ್ಪೇನಲ್ಲ.

"ಯಾರ್ ಕೈಲಿ ಹಿಡಿಸ್ಲಿ ಸ್ವಾಮಿ? ಬಾಗ್ಲು ಹಾಕ್ಕೊಂಡ್ರೆ ಒಳ್ಗೆ ನಾವಿಬ್ರೇ. ಮಿಂಚು ಕಂಡ್ರೆ ಇವ್ಳು ಏಟು ಬಿತ್ತು ಅಂತ ಬೆಚ್ತಾಳೆ."

ನಾನು ತಲೆ ತಗ್ಗಿಸಿದೆ. ಆಪಾ ನನ್ನ ಸೆರಗಿನ ತುದಿಯನ್ನು ಮೆಲ್ಲಗೆ ಸರಿಸಿ ತೋಳು ತೋರಿಸಿದರು. ಅಂಗಡಿಯವರು ಮುಖ ತಿರುಗಿಸಿಕೊಂಡರು. ಎರಡೂ ಲೆನ್ಸನ್ನು ಆಪಾ ಕೈಗೆ ಕೊಟ್ಟು, "ಹಿಂದೆ ಸಾಮಾನಿನ ಕೋಣೆ ಇದೆ. ಒಂದು ಕಿಟಕಿ ಇದೆ. ಒಳಗಿನಿಂದ ಚಿಲಕ ಹಾಕಿಕೊಳ್ಳಿ" ಎಂದು ಹೇಳಿ, ತಾವು ಅಂಗಡಿಯ ಮುಂದಿನ ಮೆಟ್ಟಿಲಿಗೆ ಹೋಗಿ ಕೂತುಬಿಟ್ಟರು.

ಆ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳ ನಡುವೆ ನಾನು ಬೆನ್ನು ಬಿಚ್ಚಿ ಕೂತೆ. ಕಿಟಕಿಯ ಬೆಳಕು ಪಕ್ಕದಿಂದ ಬೀಳುವಂತೆ ಆಪಾ ನನ್ನನ್ನು ಹೆಗಲು ಹಿಡಿದು ತಿರುಗಿಸಿದರು. ಅವರ ಬೆರಳು ಬಾಸುಂಡೆಗೆ ತಾಗದಂತೆ ತಿರುಗಿಸಿದ ರೀತಿ ನನಗೆ ಇನ್ನೂ ನೆನಪಿದೆ. ಒಂದು ಲೆನ್ಸಿನಿಂದ ಕೆಲವು, ಇನ್ನೊಂದರಿಂದ ಕೆಲವು. ಮಿಂಚಿಲ್ಲ, ಸದ್ದೂ ಸಣ್ಣದು. ಮೊದಲ ಸಲ ನಾನು ಬೆಚ್ಚಲಿಲ್ಲ. ಮುಗಿದ ಮೇಲೆ ಆಪಾ ರವಿಕೆಯ ಹಿಂದಿನ ಗುಂಡಿಗಳನ್ನು ತಾವೇ ಹಾಕಿ, "ಇಂಗೆ ಹೊಡೀಬೌದಾ ಒಬ್ಬ ಮನ್ಸ? ಯಾ ಅಲ್ಲಾ" ಎಂದರು. ಅವರ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮರುದಿನ ಮಧ್ಯಾಹ್ನ ಮತ್ತೆ ಅದೇ ಅಂಗಡಿಗೆ ಹೋದಾಗ ಪ್ರಿಂಟುಗಳು ಬಂದಿದ್ದವು. ಎಂಟರದರಲ್ಲಿ ಬೆಳಕು ಸಾಲದೆ ಷಟರನ್ನು ನಿಧಾನಕ್ಕೆ ಇಟ್ಟಿದ್ದರಿಂದ ಕೈ ಅಲುಗಿ, ಬೆನ್ನಿನ ಗೆರೆಗಳು ಒಂದರೊಳಗೊಂದು ಕಲಸಿಹೋಗಿದ್ದವು. ನಾಲ್ಕರದರಲ್ಲಿ ಅಂಚುಗಳೇನೋ ಮೆತ್ತಗಿದ್ದವು. ಆದರೆ ನಡುವೆ ಒಂದೊಂದು ಬಾಸುಂಡೆಯೂ ಉಳುಮೆ ಸಾಲಿನ ಹಾಗೆ ಎದ್ದು ನಿಂತಿತ್ತು. ಬಾರುಕೋಲಿನ ತುದಿಯ ಗಂಟು ಬಿದ್ದ ಜಾಗವೂ ಕಾಣುತ್ತಿತ್ತು. ನನ್ನ ಬೆನ್ನನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಗೆರೆಗಳನ್ನು ಒಂದೊಂದಾಗಿ ಎಣಿಸಿದೆ.

"ಇದೇ ಇರ್ಲಿ" ಎಂದು ಆಪಾ ತೂಕದ ಲೆನ್ಸನ್ನು ಕ್ಯಾಮೆರಾಕ್ಕೆ ತಿರುಗಿಸಿ ಕೂರಿಸಿದರು.

ಲೆನ್ಸು ಆರಿಸಲು ತೆಗೆದ ಆ ಫೋಟೊಗಳೇ ನನ್ನ ಸಾಕ್ಷಿಯಾದವು. ಶ್ರೀರಂಗಪಟ್ಟಣದ ಒಬ್ಬ ವಕೀಲೆ ಅವುಗಳನ್ನು ಇಟ್ಟು ದೂರು ಬರೆಸಿದರು. ಬಾನಿಯ ಮೇಲೆ ಬಿದ್ದರೆ ಬೆನ್ನಿನ ಮೇಲೆ ಇಷ್ಟು ಗೆರೆ ಹೇಗೆ ಬರುತ್ತವೆ ಎಂದು ಅವರು ಕೇಳಿದಾಗ ಸೋದರಮಾವ ಟವಲು ಕೊಡವಿಕೊಂಡು ಹೊರಗೆ ಹೋದ. ಅಣ್ಣ ಬಂದು ಕರೆದರೂ ನಾನು ಗಂಡನ ಮನೆಗೆ ಹೋಗಲಿಲ್ಲ. ತವರಿಗೆ ಹೋದರೆ ವಾಪಸು ಕಳಿಸುತ್ತಾರೆಂದು ಅಲ್ಲಿಗೂ ಹೋಗಲಿಲ್ಲ. ಆಪಾ ಮನೆಯಲ್ಲಿ ಉಳಿದೆ. ನನಗಾಗಿ ಬೇರೆ ಒಲೆ, ಬೇರೆ ಪಾತ್ರೆ ಇಟ್ಟುಕೊಟ್ಟಿದ್ದರು. ಒಂದು ವಾರದಲ್ಲಿ ನಾನೇ ಅದನ್ನು ಎತ್ತಿಟ್ಟೆ.

ಸುದ್ದಿ ಹಬ್ಬಿತು. ನಾಗಮಂಗಲದ ಕಡೆಯಿಂದ, ಕೆ.ಆರ್. ಪೇಟೆಯ ಕಡೆಯಿಂದ, ಗಂಜಾಮಿನಿಂದ ಹೆಂಗಸರು ಬರತೊಡಗಿದರು. ಪಾಸ್‌ಪೋರ್ಟ್ ಸೈಜ್ ಫೋಟೊ ಎಂದು ಹೇಳಿಕೊಂಡು ಬರುವರು, ಒಳಗೆ ಬಂದ ಮೇಲೆ ಸೆರಗು ಸರಿಸುವರು. ಸುಟ್ಟ ಕೈ, ಒಡೆದ ತುಟಿ, ಕಿತ್ತ ಕೂದಲಿನ ಬುಡ. ಯಾಕೆ ಹೊಡೆದ ಎಂದು ಆಪಾ ಯಾರನ್ನೂ ಕೇಳುತ್ತಿರಲಿಲ್ಲ. ನಾನೊಮ್ಮೆ ಒಬ್ಬಳನ್ನು ಕೇಳಿದಾಗ, ಅವಳು ಹೋದ ಮೇಲೆ ನನಗೆ ಸರಿಯಾಗಿ ಬೈಗುಳ ಬಿತ್ತು.

"ಯಾಕೆ ಅಂತ ಅವನ್ನ ಕೇಳ್ಬೇಕು. ಇವಳ್ನ ಎಲ್ಲಿ ನೋಯ್ತದೆ ಅಂತ ಕೇಳು."

ಮೊದಲು ಚಹಾ. ಆಮೇಲೆ ಕಿಟಕಿ ಪಕ್ಕದ ಕುರ್ಚಿ. ಆ ಲೆನ್ಸಿನ ಬಾಯಿ ಪೂರ್ತಿ ತೆರೆದಾಗ ಸ್ಪಷ್ಟವಾಗಿ ಕಾಣುವುದು ಕೂದಲೆಳೆಯಷ್ಟು ಜಾಗ ಮಾತ್ರ. ಹಣೆಯ ಗಾಯಕ್ಕೆ ಹೊಂದಿಸಿದರೆ ಕಿವಿ ಮಸುಕು. ಹೀಗಾಗಿ ಪ್ರತಿಯೊಬ್ಬರಿಗೂ ಎರಡು ಫೋಟೊ ತೆಗೆಯುತ್ತಿದ್ದರು. ಒಂದರಲ್ಲಿ ಗಾಯ ಸ್ಪಷ್ಟ, ಇನ್ನೊಂದರಲ್ಲಿ ಕಣ್ಣು. "ಗಾಯದ್ದು ಕೋರ್ಟಿಗೆ. ಕಣ್ಣಿಂದು ನಿಂಗೆ. ನಿನ್ ಮಖ ನೀನು ಮರೀಬಾರ್ದು" ಎನ್ನುತ್ತಿದ್ದರು. ಎರಡನೆಯದನ್ನು ಎಷ್ಟೋ ಜನ ಒಯ್ಯಲಿಲ್ಲ. ಆಪಾ ಎಸೆಯಲೂ ಇಲ್ಲ.

ಅದೊಂದು ಶುಕ್ರವಾರ. ಗಲ್ಲಿಯ ಗಂಡಸರೆಲ್ಲ ಮಧ್ಯಾಹ್ನದ ನಮಾಜಿಗೆ ಹೋಗಿದ್ದರು. ಆ ಹೊತ್ತನ್ನು ನೋಡಿಯೇ ನನ್ನ ಗಂಡ ಬಂದ. ಕೈಯಲ್ಲಿ ಕಬ್ಬು ಕಡಿಯುವ ಮಚ್ಚು. ಅವನ ದಾಯಾದಿಯೊಬ್ಬ ಬಾಗಿಲಲ್ಲಿ ನಿಂತ.

"ಎಲ್ಲವೆ ನೆಗೆಟಿವು? ತೆಗಿ ಆಚ್ಗೆ."

ನಾನು ಗೋಡೆಗೆ ಸರಿದೆ. ಅವನು ಮಚ್ಚಿನ ಬೆನ್ನಿನಿಂದ ಷೋಕೇಸಿನ ಗಾಜು ಒಡೆದ. ಮದುಮಕ್ಕಳ ಫೋಟೊಗಳು ಚೂರುಗಳ ಜೊತೆ ನೆಲಕ್ಕೆ ಸುರಿದವು. ಇನ್ನೊಂದು ಗಾಜು. ಗೋಡೆಯ ಪರದೆಯನ್ನು ಅಡ್ಡಡ್ಡ ಸೀಳಿದ. ಮೇಜಿನ ಹಿಂದಿದ್ದ ಆಪಾ ಮೆಲ್ಲಗೆ ಎದ್ದರು.

"ಕೊಡ್ತೀನಿ ನಿಂತ್ಕೊಳಪ್ಪ. ಇಲ್ಲೇ ಐತೆ."

ಮೇಜಿನ ಕೆಳಗೆ ಬಗ್ಗಿ ಕ್ಯಾಮೆರಾ ಎತ್ತಿ ಕೊರಳಿಗೆ ಹಾಕಿಕೊಂಡರು. ಮೊದಲು ಅವನಿಗೆ ಅರ್ಥವಾಗಲಿಲ್ಲ. ಅವರು ಕಣ್ಣಿಟ್ಟು, ಲೆನ್ಸಿನ ಬಳೆಯನ್ನು ಎಡಗೈಯಿಂದ ತಿರುಗಿಸುವುದನ್ನು ನೋಡಿದ ಮೇಲೆ ಅರ್ಥವಾಯಿತು. ಮಚ್ಚು ಎತ್ತಿ ಮೇಜಿನ ಮೇಲಿಂದಲೇ ನುಗ್ಗಿದ. ಆಪಾ ಹಿಂದೆ ಸರಿಯಲಿಲ್ಲ. ಕ್ಲಿಕ್ ಎಂದದ್ದು ನನಗೆ ಕೇಳಿಸಿತು. ಮರುಗಳಿಗೆಯೇ ಮಚ್ಚು ಅವರ ಬಲಗೈಯ ಮೇಲೆ ಬಿತ್ತು. ಕ್ಯಾಮೆರಾ ಕೊರಳ ಪಟ್ಟಿಯಲ್ಲಿ ಜೋತಾಡಿತು. ಅದರ ಮೇಲೆ, ಅವರ ಎದೆಯ ಮೇಲೆ, ಮೇಜಿನ ಮೇಲಿದ್ದ ಯಾರದೋ ಮಗುವಿನ ಫೋಟೊಗಳ ಮೇಲೆ ರಕ್ತ ಚಿಮ್ಮಿತು. ಅವನು ಮತ್ತೆ ಮಚ್ಚೆತ್ತಿದ.

ನನ್ನ ಪಕ್ಕದಲ್ಲಿ ಕಬ್ಬಿಣದ ಟ್ರೈಪಾಡು ಮಡಚಿ ನಿಲ್ಲಿಸಿತ್ತು. ಅದನ್ನು ಯಾವಾಗ ಎತ್ತಿದೆನೋ. ಎರಡು ಕೈಯಲ್ಲಿ ಹಿಡಿದು ಅವನ ದವಡೆಗೆ ಬೀಸಿದೆ. ಮೂಳೆ ಮುರಿದ ಸದ್ದು ಕೇಳಿತು. ಅವನು ಗಾಜಿನ ಚೂರುಗಳ ಮೇಲೆ ಬಿದ್ದ. ಮಚ್ಚು ಕೈಬಿಟ್ಟಿತು. ನಾನು ಮತ್ತೆ ಹೊಡೆದೆ, ಹೆಗಲಿಗೆ. ಮತ್ತೆ, ಮೊಣಕಾಲಿಗೆ. ಅವನು ಕೈ ಮುಂದೆ ಮಾಡಿ, "ಬ್ಯಾಡ ಕಣೆ, ಬ್ಯಾಡ" ಎನ್ನುತ್ತಿದ್ದ. ಕೊಟ್ಟಿಗೆಯಲ್ಲಿ ನಾನು ಅಂದದ್ದೂ ಅದೇ ಮಾತು. ಹೊಡೆಯುತ್ತಲೇ ಇದ್ದೆ.

"ಬಸ್ ಕರ್! ಸಾಕು ಬುಡೆ!" ಆಪಾ ಸೀಳಿಹೋದ ಕೈಯನ್ನು ದುಪಟ್ಟಾದಲ್ಲಿ ಒತ್ತಿ ಹಿಡಿದು ಕೂಗಿದರು. "ಅವ್ನು ಸತ್ರೆ ಜೈಲಿಗೆ ನೀನ್ ಹೋಗ್ತೀಯೆ, ಅವ್ನಲ್ಲ!"

ಆಗ ನನ್ನ ಕೈ ನಿಂತಿತು. ದಾಯಾದಿ ಆಗಲೇ ಓಡಿಹೋಗಿದ್ದ. ಗಲ್ಲಿಯ ಹೆಂಗಸರು ಒನಕೆ, ಲಟ್ಟಣಿಗೆ, ನೀರು ಸೇದುವ ಹಗ್ಗ, ಸಿಕ್ಕಿದ್ದನ್ನು ಹಿಡಿದು ಬಾಗಿಲು ತುಂಬಿಕೊಂಡರು. ನಮಾಜು ಮುಗಿಸಿ ಗಂಡಸರು ಬರುವ ಹೊತ್ತಿಗೆ ಅವನನ್ನು ಆ ಹಗ್ಗದಿಂದಲೇ ಕಟ್ಟಿ ಹಾಕಿದ್ದರು. ಆ ಏಟುಗಳಿಗೆ ನಾನು ಯಾವತ್ತೂ ಮರುಗಿಲ್ಲ. ಮರುಗಿದೆ ಎಂದು ಬರೆದರೆ ಸುಳ್ಳಾಗುತ್ತದೆ.

ಆಪಾ ತೋರುಬೆರಳು, ನಡುಬೆರಳುಗಳ ನರ ಕತ್ತರಿಸಿಹೋಗಿತ್ತು. ಡಾಕ್ಟರು ಬೆರಳುಗಳನ್ನು ಉಳಿಸಿದರು, ಮಡಿಚುವ ಶಕ್ತಿಯನ್ನಲ್ಲ. ಷಟರ್ ಒತ್ತುವ ಬೆರಳು ಕಡ್ಡಿಯ ಹಾಗೆ ನಿಂತುಬಿಟ್ಟಿತು.

ಅವತ್ತಿನ ಆ ಒಂದು ಫೋಟೊ ಕೋರ್ಟಿಗೆ ಹೋಯಿತು. ಪಕ್ಕದ ಕಿಟಕಿಯಿಂದ ಬಂದ ಬೆಳಕಷ್ಟರಲ್ಲೇ ತೆಗೆದದ್ದು. ಅವನ ಮುಖ, ಹುಬ್ಬಿನ ಬೆವರು, ತೆರೆದ ಬಾಯಿ ಎಲ್ಲ ಸ್ಪಷ್ಟ. ಎತ್ತಿದ ಕೈ, ಮಚ್ಚು ಮಸುಕು. ಅವನ ವಕೀಲರು ಅದನ್ನೇ ಹಿಡಿದರು.

"ಇಲ್ಲಿ ಆಯುಧ ಸ್ಪಷ್ಟವಾಗಿಲ್ಲ. ನೀವು ನುರಿತ ಫೋಟೊಗ್ರಾಫರು ಅಂತೀರಿ. ಮಚ್ಚು ಬಿಟ್ಟು ಮುಖಕ್ಕೆ ಯಾಕೆ ಹೊಂದಿಸಿದಿರಿ?"

ಆಪಾ ಎಡಗಣ್ಣು ಮುಚ್ಚಿ ಅವರನ್ನು ನೋಡಿದರು. "ಮಚ್ಚು ಯಾರ್ ಮನೇಲಾದ್ರೂ ಸಿಕ್ತದೆ ಸ್ವಾಮಿ. ಈ ಮಖ ಒಬ್ಬಂದೇ."

ಅವನಿಗೆ ಜೈಲಾಯಿತು. ನನ್ನ ಬೆನ್ನು ಸೀಳಿದ್ದಕ್ಕಲ್ಲ. ಆಪಾ ಕೈ ಕಡಿದದ್ದಕ್ಕೆ. ಬೆನ್ನಿನ ಫೋಟೊಗಳಿಂದ ನನಗೆ ವಿಚ್ಛೇದನ ಸಿಕ್ಕಿತು. ಅದೂ ಕಡಿಮೆಯೇನಲ್ಲ.

ಅಲ್ಲಿಂದ ಮುಂದೆ ಷಟರ್ ಒತ್ತುವವಳು ನಾನಾದೆ. ಆಪಾ ಹಿಂದೆ ನಿಂತು ಬೈಯುತ್ತಿದ್ದರು. "ಬೆಳಕಿನ್ ಕಡೆ ತಿರುಗ್ಸು ಅಂದ್ರೆ ಕತ್ತು ಮುರೀತೀಯಲ್ಲೆ. ಉಸಿರು ಬುಟ್ಟು ಒತ್ತು. ನಿನ್ ಕೈ ನಡುಗಿದ್ರೆ ಅವಳ ಗಾಯ ಅಳ್ಸೋಯ್ತದೆ." ಮದುವೆಗಳಿಗೂ ಅದೇ ಲೆನ್ಸು ಒಯ್ಯುತ್ತಿದ್ದೆವು. ದೂರದಿಂದ ತೆಗೆಯಲಾಗದೆ ನಾನು ಜನರ ಹತ್ತಿರ ಹತ್ತಿರ ಹೋಗುವುದನ್ನು ಕಲಿತೆ. ಕರಿಘಟ್ಟದ ಗುಡಿಯ ಮೆಟ್ಟಿಲ ಮೇಲೆ ಒಂದು ಮದುವೆಯಲ್ಲಿ, ಹೆಣ್ಣಿನ ಕುತ್ತಿಗೆಯಲ್ಲಿ ಬೆರಳು ಒತ್ತಿದ ಕಲೆ ಕಂಡು ನಾನು ಕ್ಯಾಮೆರಾ ಇಳಿಸಿದಾಗ, ಆಪಾ ಹೋಗಿ ಆ ಹುಡುಗಿಯ ಕಿವಿಯಲ್ಲಿ ನಮ್ಮ ಗಲ್ಲಿಯ ಗುರುತು ಹೇಳಿ ಬಂದರು.

ನನ್ನ ಗಂಡನಾಗಿದ್ದವನು ಶಿಕ್ಷೆ ಮುಗಿಸಿ ಬಂದು, ಕೆ.ಆರ್. ಪೇಟೆಯ ಕಡೆಯ ಹೆಣ್ಣೊಬ್ಬಳನ್ನು ಮದುವೆಯಾದ ಸುದ್ದಿ ನಮಗೂ ಮುಟ್ಟಿತು. ನಾನು ಅವತ್ತು ಊಟ ಮಾಡಲಿಲ್ಲ. ಅಷ್ಟು ಹೊತ್ತಿಗೆ ಆಪಾ ಮೂತ್ರಪಿಂಡಗಳು ಸೋಲತೊಡಗಿದ್ದವು. ಕಾಲು ಊದಿ ಮೆಟ್ಟಿಲು ಇಳಿಯುವುದೇ ಕಷ್ಟವಾಯಿತು. ಮೇಲಿನ ಕೋಣೆಯಲ್ಲಿ ಕಿಟಕಿಯ ಕೆಳಗೆ ಮಂಚ ಹಾಕಿಸಿಕೊಂಡು ಮಲಗಿಬಿಟ್ಟರು.

ದಶಕ ಮುಗಿಯುತ್ತ ಬಂದಿತ್ತು. ಒಂದು ಬೆಳಿಗ್ಗೆ ಸ್ಟುಡಿಯೊ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ತೋಳು ಮುರಿದು ಜೋತಾಡುತ್ತಿತ್ತು. ಅದನ್ನು ಇನ್ನೊಂದು ಕೈಯಿಂದ ಮಗುವಿನ ಹಾಗೆ ಹಿಡಿದುಕೊಂಡಿದ್ದಳು. ಒಂದು ಕಣ್ಣು ಪೂರ್ತಿ ಮುಚ್ಚಿತ್ತು.

"ಅಕ್ಕ, ನೀವ್ಯಾರು ಅಂತ ನಂಗೆ ಗೊತ್ತು" ಎಂದಳು. "ನಿಮ್ ಮದ್ವೆ ಆಲ್ಬಮ್ಮು ಇನ್ನೂ ಆ ಮನೆ ಅಟ್ಟದ ಮ್ಯಾಲೈತೆ. ಅದ್ರಲ್ಲಿ ಸ್ಟುಡಿಯೊ ಹೆಸ್ರಿತ್ತು."

ನಾನು ಮೇಜಿನ ಈಚೆಗೆ ಬಂದೆ. ಅವಳು ಹೆದರಿ ಬಾಗಿಲ ಕಡೆ ಒಂದು ಹೆಜ್ಜೆ ಹಿಂದೆ ಸರಿದಳು. ನಾನು ಬಯ್ಯುತ್ತೇನೆಂದುಕೊಂಡಳೋ ಏನೋ. ಮೇಲಿಂದ ಆಪಾ ದನಿ ಕೇಳಿತು.

"ಯಾರೆ ಅದು?"

"ಅವನ ಹೆಂಡ್ತಿ, ಆಪಾ."

ಮೇಲೆ ಮಂಚ ಕಿರುಗುಟ್ಟಿತು. "ಇಲ್ಲಿಗೇ ಕರ್ಕೊಂಡ್ ಬಾ. ಇವತ್ತು ಮೋಡ, ಕೆಳ್ಗೆ ಕತ್ಲು. ಇಲ್ಲಿ ಬೆಳಕೈತೆ."

ಆ ಹುಡುಗಿಯನ್ನು ಆಪಾ ಮಂಚದ ಮೇಲೆಯೇ ಕೂರಿಸಿದೆ. ಆಪಾ ಊದಿದ ಕೈಯನ್ನು ಅವಳ ಬೆನ್ನಿಗೆ ಆನಿಸಿ, ಕಿಟಕಿಯ ಕಡೆಗೆ ಒಂದಿಷ್ಟೇ ತಿರುಗಿಸಿದರು. "ಎಲ್ಲವ್ವ ನೋಯ್ತದೆ?" ಎಂದು ಕೇಳಿದರು. ಅವಳು ಒಂದೊಂದಾಗಿ ತೋರಿಸಿದಳು. ಅವಳು ಬೆರಳಿಟ್ಟು ತೋರಿಸಿದ ಜಾಗಗಳೆಲ್ಲ ನನ್ನ ಮೈಗೆ ಗೊತ್ತಿದ್ದವು. ಉಸಿರು ಬಿಟ್ಟು ಒತ್ತಿದೆ. ಗಾಯದ್ದು ಮುಗಿದ ಮೇಲೆ, ತೆರೆದಿದ್ದ ಆ ಒಂದು ಕಣ್ಣಿಗೆ ಹೊಂದಿಸಿ ಇನ್ನೊಂದು ತೆಗೆದೆ. ಆಪಾ, "ಆಯ್ತಾ?" ಎಂದರು. ಆಯಿತು ಎಂದೆ. ಅವಳನ್ನು ನಾನೇ ಆಸ್ಪತ್ರೆಗೆ, ಅಲ್ಲಿಂದ ವಕೀಲೆಯ ಬಳಿಗೆ ಕರೆದೊಯ್ದೆ. ಈ ಸಲ ಅವನು ಒಳಗೆ ಹೋದದ್ದು ಹೆಂಡತಿಯನ್ನು ಹೊಡೆದದ್ದಕ್ಕೇ.

ಆ ಹುಡುಗಿಯ ತೋಳಿನ ಪಟ್ಟಿ ಬಿಚ್ಚುವ ಮೊದಲೇ ಆಪಾ ತೀರಿಕೊಂಡರು. ನಸುಕಿನಲ್ಲಿ ನೀರು ಕೇಳಿದರು, ಕುಡಿಸಿದೆ. ಲೋಟ ಕೆಳಗಿಟ್ಟು ತಿರುಗುವಷ್ಟರಲ್ಲಿ ಉಸಿರಿರಲಿಲ್ಲ. ಮೈದುನ ಬಂದರು, ನೆಂಟರು ಬಂದರು. ಅವರ ಹೆಂಗಸರು ಮೀಯಿಸಿ, ಬಿಳಿ ಬಟ್ಟೆ ಉಡಿಸಿದರು. ನಾನು ಅಂಗಳದಲ್ಲಿ ಗೋಡೆಗೆ ಒರಗಿ ಕೂತಿದ್ದೆ. ಕೆ.ಆರ್. ಪೇಟೆಯಿಂದ ಬಸ್ಸಿಗೆ ಬಂದ ಆ ಹುಡುಗಿ, ಪಟ್ಟಿ ಕಟ್ಟಿದ ತೋಳನ್ನು ಮಡಿಲಲ್ಲಿಟ್ಟುಕೊಂಡು ನನ್ನ ಪಕ್ಕ ಕೂತಳು. ಇನ್ನೂ ಯಾರು ಯಾರೋ ಬರುತ್ತಿದ್ದರು, ಸೆರಗು ಹೊದ್ದವರು, ಬುರ್ಖಾ ಹಾಕಿದವರು. ಹೆಂಗಸರು ಮಣ್ಣಿಗೆ ಹೋಗುವ ವಾಡಿಕೆ ಅವರಲ್ಲಿಲ್ಲ. ಮನೆಯಿಂದ ಎತ್ತುವ ಮೊದಲು ಮುಖ ನೋಡುವುದಷ್ಟೆ.

ಒಳಗಿನಿಂದ ಒಬ್ಬ ಮುದುಕಿ ಬಾಗಿಲಿಗೆ ಬಂದು, ಅಂಗಳದ ಕಡೆ ನೋಡಿ ಕೂಗಿದಳು.

"ಮಖ ಮುಚ್ತೀವಿ. ಅವಳ ಮಕ್ಳು ಮರಿ, ಸ್ವಂತದೋರು ಯಾರಾದ್ರೂ ಇದ್ರೆ ಬಂದ್ ನೋಡ್ಕೊಂಡ್ಬುಡಿ."

ನಾನು ಅವರಿಗೆ ಏನಾಗಬೇಕೆಂದು ಹೇಳಿಕೊಂಡು ಏಳಲಿ ಎಂದು ಕೂತೇ ಇದ್ದೆ. ಪಕ್ಕದಲ್ಲಿದ್ದ ಹುಡುಗಿ ಎದ್ದು, ಸರಿಯಿದ್ದ ಒಂದು ಕೈಯಿಂದ ನನ್ನನ್ನು ಎಬ್ಬಿಸಿದಳು. ನಾವು ಬಾಗಿಲು ದಾಟುವಷ್ಟರಲ್ಲಿ ನಾಗಮಂಗಲದವಳೊಬ್ಬಳು ಎದ್ದಳು, ಅವಳ ಹಿಂದೆ ಗಂಜಾಮಿನವಳು, ಅವಳ ಹಿಂದೆ ಹೆಸರು ಗೊತ್ತಿಲ್ಲದ ಇನ್ನಿಬ್ಬರು, ಆಮೇಲೆ ಅಂಗಳದಲ್ಲಿ ಕೂತಿದ್ದವರು ಒಬ್ಬೊಬ್ಬರಾಗಿ. ಬಾಗಿಲಲ್ಲಿದ್ದ ಮೈದುನ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಆ ಕೋಣೆಯಲ್ಲಿ ನಿಲ್ಲಲು ಜಾಗ ಸಾಲಲಿಲ್ಲ.